ಅಕ್ಕಿ ಡಬ್ಬದೊಳಗೆ ಬಚ್ಚಿಟ್ಟ ಹರಳು

ಪ್ರಶ್ನೆ: ನಾವು ಮೂಡಿಗೆರೆ ತಾಲ್ಲೂಕಿನವರು, ಏಳು ಎಕರೆ ಕಾಫಿ ತೋಟವಿದೆ. 21 ವರ್ಷದ ಮಗ ಹಾಸನದಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ, ಸ್ನೇಹಿತರ ಜೊತೆ ರೂಮ್ ಮಾಡಿಕೊಂಡಿದ್ದಾನೆ. ಕಾಫಿ ಕೊಯ್ಲಿಗೆಂದು ಬಂದವನು ಎರಡು ದಿನ ಹಾಸಿಗೆಯಿಂದ ಏಳಲೇ ಇಲ್ಲ. ಎದ್ದವನೇ ಎಂಟು ಕಡುಬು ತಿಂದು ಮತ್ತೆ ಮಲಗಿದ. ತುಂಬ ಸೊರಗಿದ್ದಾನೆ. ಮುಂಗೈಯಲ್ಲೆಲ್ಲ ಕೆರೆದುಕೊಂಡ ಗಾಯ. ಬಟ್ಟೆ ಒಗೆಯಲು ಬ್ಯಾಗ್ ಬಿಚ್ಚಿದಾಗ ಪುಟ್ಟ ಪ್ಲಾಸ್ಟಿಕ್ ಕವರಿನಲ್ಲಿ ಕಲ್ಲುಸಕ್ಕರೆ ಚೂರಿನಂಥದ್ದು ಮತ್ತು ತುದಿಯಲ್ಲಿ ಗುಂಡಗೆ ಉಬ್ಬಿದ, ಮಸಿ ಹಿಡಿದ ಗಾಜಿನ ಕೊಳವೆ ಸಿಕ್ಕಿದವು. ಕೇಳಿದರೆ ‘ಸ್ನೇಹಿತನದು’ ಎಂದ. ಮೊಬೈಲ್‌ನಲ್ಲಿ ಹುಡುಕಿದರೆ ಮೆತ್ ಎಂಬ ಹೆಸರು ಬರುತ್ತದೆ. ಎರಡನ್ನೂ ಅಕ್ಕಿ ಡಬ್ಬದೊಳಗೆ ಬಚ್ಚಿಟ್ಟಿದ್ದೇನೆ. ಯಜಮಾನರಿಗೆ ಬಿ.ಪಿ. ಇದೆ, ಅವರಿಗೆ ಹೇಳಿಲ್ಲ. ರಾತ್ರೋರಾತ್ರಿ ಎತ್ತಿಕೊಂಡು ಹೋಗಿ ಆರು ತಿಂಗಳು ಯಾವುದಾದರೂ ಕೇಂದ್ರಕ್ಕೆ ಸೇರಿಸೋಣ ಎಂದು ನನ್ನ ತಮ್ಮ ಹೇಳುತ್ತಿದ್ದಾನೆ. ನಾದಿನಿ ಪೊಲೀಸರಿಂದ ಹೆದರಿಸಿ ಎನ್ನುತ್ತಾರೆ. ಮಗಳಿಗೆ ಗಂಡು ನೋಡುತ್ತಿದ್ದೇವೆ. ಇದು ನಿಜವಾಗಿ ಮೆತ್ ಹೌದೇ? ಯಾವ ಚಟವೂ ಇಲ್ಲದ ಮನೆಯ ಹುಡುಗ ಇದಕ್ಕೇಕೆ ಕೈಹಾಕಿದ? ಅವನು ಇನ್ನು ನಮಗೆ ಸಿಗುವುದಿಲ್ಲವೇ?

ಉತ್ತರ: ತಾಯಿ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅದು ಎದೆಯ ಮೇಲೆ ಕುಳಿತಿರುವಾಗ ಉಳಿದ ಯಾವ ಮಾತೂ ತಲೆಗೆ ಹೋಗುವುದಿಲ್ಲ. ನಿಮ್ಮ ಮಗ ನಿಮಗೆ ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಖಂಡಿತ ಎಂದು ಬರೆದುಕೊಡಲು ಯಾವ ವೈದ್ಯನಿಂದಲೂ ಆಗದು. ಆದರೆ ಅವನಿಗಿನ್ನೂ 21 ವರ್ಷ, ಕಾಲೇಜು ಬಿಟ್ಟಿಲ್ಲ, ಕೊಯ್ಲಿನ ಹೊತ್ತಿಗೆ ಊರಿಗೆ ಬಂದಿದ್ದಾನೆ, ನೀವು ಬೇಯಿಸಿದ ಕಡುಬು ತಿಂದಿದ್ದಾನೆ. ಹಾಸನದಲ್ಲಿ ಮನೋವೈದ್ಯನಾಗಿ ಹತ್ತೊಂಬತ್ತು ವರ್ಷಗಳಿಂದ ಇಂಥ ಮನೆಗಳನ್ನು ನೋಡುತ್ತಿದ್ದೇನೆ. ಮನೆಯ ಬಾಗಿಲಿಗೆ ಇನ್ನೂ ಬರುತ್ತಿರುವ ಹುಡುಗರೇ ಹೆಚ್ಚಾಗಿ ಚೇತರಿಸಿಕೊಂಡವರು.

ಈಗ ಆ ಹರಳಿನ ವಿಷಯ. ಕಣ್ಣಿನಲ್ಲಿ ನೋಡಿ ಇದು ಮೆತ್, ಅಂದರೆ ಮೆತಾಂಫೆಟಮಿನ್ ಎಂಬ ಉತ್ತೇಜಕ ಮಾದಕ ಎಂದು ಹೇಳಲು ನನಗೂ ಸಾಧ್ಯವಿಲ್ಲ. ಅದು ಬಣ್ಣವಿಲ್ಲದ ಅಥವಾ ಬಿಳಿಯ, ಒಡೆದ ಗಾಜಿನ ಚೂರಿನಂಥ ಹರಳು, ಕೆಲವೊಮ್ಮೆ ತುಸು ನೀಲಿ ಛಾಯೆ ಇರುತ್ತದೆ. ಕಲ್ಲುಸಕ್ಕರೆ, ಪಟಿಕ, ಅಡುಗೆಯ ಟೇಸ್ಟಿಂಗ್ ಪೌಡರ್ ಎಲ್ಲವೂ ದೂರದಿಂದ ಹಾಗೆಯೇ ಕಾಣುತ್ತವೆ. ನಿಮ್ಮ ತೋಟದ ಗೋದಾಮಿನಲ್ಲಿ ಕಾಫಿ ಗಿಡಕ್ಕೆ ಸಿಂಪಡಿಸಲು ತಂದಿಟ್ಟ ಜಿಂಕ್ ಸಲ್ಫೇಟ್ ಇದ್ದರೆ ಒಂದು ಚಿಟಿಕೆ ಬೇರೊಂದು ಕವರಿಗೆ ಹಾಕಿ ನೋಡಿ, ಇದೂ ಅದೂ ಒಂದೇ ಎನಿಸಬಹುದು. ನಾಲಿಗೆಗೆ ಹಚ್ಚಿ ನೋಡುವ ಕೆಲಸವನ್ನು ದಯವಿಟ್ಟು ಯಾರೂ ಮಾಡಬೇಡಿ. ಮಾರುವವನಿಗೇ ತಾನು ಮಾರುತ್ತಿರುವುದು ಏನೆಂದು ಗೊತ್ತಿರುವುದಿಲ್ಲ. ಎಂಡಿಎಂಎ (ಇದು ಇನ್ನೊಂದು ಮಾದಕ) ಎಂದು ಹೇಳಿ ಕೊಟ್ಟದ್ದು ಪ್ರಯೋಗಾಲಯದಲ್ಲಿ ಮೆತಾಂಫೆಟಮಿನ್ ಎಂದು ಹೊರಬರುವುದೂ ಇದೆ. ಹುಡುಗರ ಬಾಯಲ್ಲಿ ಅದು ‘ಐಸ್’, ‘ಕ್ರಿಸ್ಟಲ್’, ‘ಮೆತ್’. ಕೆಫೀನ್ ಬೆರೆಸಿ ಮಾಡಿದ ಮಾತ್ರೆಗೆ ‘ಯಾಬಾ’ ಎನ್ನುತ್ತಾರೆ.

ಹರಳಿಗಿಂತ ಆ ಕೊಳವೆ ಹೆಚ್ಚು ಹೇಳುತ್ತದೆ. ಗಾಂಜಾ ಸೇದುವವರಿಗೆ ಗುಂಡುತುದಿಯ ಗಾಜಿನ ಕೊಳವೆ ಬೇಕಾಗುವುದಿಲ್ಲ, ಅವರ ಬಟ್ಟೆಯ ವಾಸನೆಯೇ ಸಾಕ್ಷಿ ಹೇಳುತ್ತದೆ. ಹರಳನ್ನು ಗುಂಡಿನೊಳಗೆ ಹಾಕಿ, ಕೆಳಗಿನಿಂದ ಲೈಟರ್ ಹಿಡಿದು, ಕರಗಿ ಏಳುವ ಆವಿಯನ್ನು ಎಳೆದುಕೊಳ್ಳುತ್ತಾರೆ. ಆದ್ದರಿಂದ ಹೊರಗೆ ಮಸಿ, ಒಳಗೆ ಹಾಲು ಒಣಗಿದಂಥ ಬಿಳಿ ಪದರ. ಅವನ ತುಟಿಯಲ್ಲಿ, ಹೆಬ್ಬೆರಳ ತುದಿಯಲ್ಲಿ ಸಣ್ಣ ಸುಟ್ಟ ಗುರುತು ಇದೆಯೇ ಗಮನಿಸಿ.

ಕೊಳವೆಗಿಂತಲೂ ಹೆಚ್ಚು ಹೇಳುವುದು ನಿಮ್ಮ ಪತ್ರದ ಎರಡು ಸಾಲು: ಎರಡು ದಿನ ನಿದ್ದೆ, ಎದ್ದವನೇ ಎಂಟು ಕಡುಬು. ಕೊಕೇನ್‌ನ ಅಮಲು ಅರ್ಧ ಗಂಟೆ, ಒಂದು ಗಂಟೆಯಲ್ಲಿ ಇಳಿಯುತ್ತದೆ. ಇದರದು ಎಂಟರಿಂದ ಹನ್ನೆರಡು ಗಂಟೆ. ಅಷ್ಟು ಹೊತ್ತು ಹಸಿವಿಲ್ಲ, ನಿದ್ದೆಯಿಲ್ಲ, ಕಣ್ಣಿನ ಪಾಪೆ ಹಿಗ್ಗಿರುತ್ತದೆ, ದವಡೆ ಬಿಗಿಹಿಡಿದಿರುತ್ತದೆ, ಬೆವರು, ಮಾತಿನ ಮೇಲೆ ಮಾತು, ಇಲ್ಲವೇ ಒಂದೇ ಕೆಲಸವನ್ನು ಗಂಟೆಗಟ್ಟಲೆ ಮಾಡುವುದು. ಒಬ್ಬ ಹುಡುಗ ರಾತ್ರಿಯಿಡೀ ಬೈಕಿನ ಎಂಜಿನ್ ಬಿಚ್ಚಿ ನಟ್ಟುಗಳನ್ನು ಗಾತ್ರದ ಪ್ರಕಾರ ಜೋಡಿಸಿಟ್ಟಿದ್ದ, ಬೆಳಗ್ಗೆ ನೋಡಿದರೆ ಬೈಕನ್ನು ಮತ್ತೆ ಕಟ್ಟಿರಲೇ ಇಲ್ಲ. ಹೀಗೆ ಎರಡು ಮೂರು ರಾತ್ರಿ ಎದ್ದಿದ್ದ ಮೈ ಒಮ್ಮೆಲೇ ಕುಸಿಯುತ್ತದೆ. ಆಗ ಕುಂಭಕರ್ಣನ ನಿದ್ದೆ, ಕುಂಭಕರ್ಣನ ಹಸಿವು, ಆಮೇಲೆ ಮಂಕು. ಏರು ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಮನೆಗೆ ಬಂದದ್ದು ಇಳಿತ ಮಾತ್ರ. ಹಾಸ್ಟೆಲ್ ಮಕ್ಕಳ ತಂದೆತಾಯಿಯರು ಸಾಮಾನ್ಯವಾಗಿ ಇದನ್ನು ‘ಪರೀಕ್ಷೆಯ ಸುಸ್ತು’ ಎಂದುಕೊಂಡು ಬಿಡುತ್ತಾರೆ, ನೀವು ಹಾಗೆ ಬಿಡಲಿಲ್ಲ.

ಮುಂಗೈ ಗಾಯಕ್ಕೂ ಕಾರಣವಿದೆ. ಚರ್ಮದ ಕೆಳಗೆ ಹುಳು ಹರಿದಂತೆ ಅನಿಸುತ್ತದೆ, ಕೆರೆಯುತ್ತಾರೆ. ಆದರೂ ಒಂದು ಎಚ್ಚರಿಕೆ ಹೇಳಲೇಬೇಕು. ನಿದ್ದೆಗೆಡುವುದು, ತೂಕ ಇಳಿಯುವುದು, ಸಿಡುಕುವುದು ಥೈರಾಯ್ಡ್ ಹೆಚ್ಚಾದಾಗಲೂ ಆಗುತ್ತದೆ, ಉನ್ಮಾದ ಎಂಬ ಮಾನಸಿಕ ಕಾಯಿಲೆಯಲ್ಲೂ ಆಗುತ್ತದೆ. ನಾನು ಪರೀಕ್ಷೆ ಮಾಡುವಾಗ ಇವೆರಡನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಮಾಡುತ್ತೇನೆ. ಇಂಟರ್‌ನೆಟ್‌ನಲ್ಲಿ ನೀವು ನೋಡಿರಬಹುದಾದ ಕೊಳೆತ ಹಲ್ಲಿನ, ಮುಪ್ಪಾದ ಮುಖದ ಚಿತ್ರಗಳನ್ನು ಪಕ್ಕಕ್ಕಿಡಿ. ಅವು ವರ್ಷಗಟ್ಟಲೆ ಬಳಸಿದವರ ಚಿತ್ರಗಳು. ಮಗನ ಹಲ್ಲು ಚೆನ್ನಾಗಿದೆ ಎಂದು ಸಮಾಧಾನಪಡುವುದೂ ತಪ್ಪು.

ಮೂತ್ರ ಪರೀಕ್ಷೆ ಮಾಡಿಸಬಹುದು. ಕೊನೆಯ ಸಲ ತೆಗೆದುಕೊಂಡ ಮೇಲೆ ಸುಮಾರು ಎರಡರಿಂದ ನಾಲ್ಕು ದಿನ ಮಾತ್ರ ಅದರಲ್ಲಿ ಸಿಗುತ್ತದೆ. ನೆಗಡಿಗೆ ಕೊಡುವ ಸ್ಯೂಡೋಎಫೆಡ್ರಿನ್ ಇರುವ ಮಾತ್ರೆಯಿಂದಲೂ ಸ್ಟ್ರಿಪ್ ಪರೀಕ್ಷೆ ತಪ್ಪಾಗಿ ‘ಹೌದು’ ಎನ್ನಬಹುದು, ಆಗ ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳಬೇಕು. ಅವನಿಗೆ ತಿಳಿಯದಂತೆ ಮಾಡಿಸಬೇಡಿ. ಸತ್ಯ ಸಿಕ್ಕಬಹುದು, ಮಗನ ನಂಬಿಕೆ ಹೋಗುತ್ತದೆ. ಚಿಕಿತ್ಸೆ ನಡೆಯುವುದು ಆ ನಂಬಿಕೆಯ ಮೇಲೆ.

ಏಕೆ ಕೈಹಾಕಿದ ಎಂದು ಕೇಳಿದ್ದೀರಿ. ಇದಕ್ಕೆ ತುಸು ಹಿಂದೆ ಹೋಗಬೇಕು. ಈ ರಾಸಾಯನಿಕವನ್ನು ಮೊದಲು ತಯಾರಿಸಿದ್ದು 1893ರಲ್ಲಿ, ಜಪಾನಿನ ವಿಜ್ಞಾನಿ ನಾಗಾಯ್ ನಾಗಯೋಶಿ. ಹರಳಿನ ರೂಪಕ್ಕೆ ತಂದದ್ದು 1919ರಲ್ಲಿ ಅಕಿರಾ ಒಗಾತಾ. 1938ರಲ್ಲಿ ಜರ್ಮನಿಯ ಔಷಧಿ ಅಂಗಡಿಗಳಿಗೆ ‘ಪರ್ವಿಟಿನ್’ ಎಂಬ ಮಾತ್ರೆಯಾಗಿ ಬಂತು. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಮತ್ತು ಜಪಾನಿನ ಸೈನಿಕರಿಗೆ ನಿದ್ದೆ ಬಾರದಿರಲಿ, ದಣಿವು ಕಾಣದಿರಲಿ ಎಂದು ಇದನ್ನೇ ಕೊಟ್ಟರು. ಮಜಾ ಮಾಡುವವರಿಗೆಂದು ಹುಟ್ಟಿದ ವಸ್ತು ಇದಲ್ಲ. ದೇಹ ಕೊಡುವುದಕ್ಕಿಂತ ಹೆಚ್ಚು ದುಡಿಮೆಯನ್ನು ದೇಹದಿಂದ ಹಿಂಡಲು ಬಳಸಿದ ವಸ್ತು. ನನ್ನ ಮುಂದೆ ಕುಳಿತವರಲ್ಲಿಯೂ ಬಹಳ ಮಂದಿಯ ಕಥೆ ಅಲ್ಲಿಂದಲೇ ಶುರುವಾಗಿದೆ.

ಒಬ್ಬರ ವಿಷಯ ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಬೆಂಗಳೂರಿನಿಂದ ಮಂಗಳೂರಿಗೆ ರಾತ್ರಿ ಲಾರಿ ಓಡಿಸುವವರು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ವಾಹನ ನಿಂತರೆ ಗಂಟೆಗಟ್ಟಲೆ ನಿಲ್ಲಬೇಕು, ಸರಕು ಮಾತ್ರ ಬೆಳಗ್ಗೆಯೇ ತಲುಪಬೇಕು. ಸಕಲೇಶಪುರ ದಾಟಿದ ಮೇಲೆ ಕಣ್ಣು ಎಳೆಯುತ್ತಿತ್ತು, ಒಂದು ಸಲ ತಡೆಗೋಡೆಗೆ ಉಜ್ಜಿದ್ದರು. ಜೊತೆಯವರು ಕೊಟ್ಟದ್ದನ್ನು ಎಳೆದ ರಾತ್ರಿ ಕಣ್ಣು ಎಳೆಯಲಿಲ್ಲ. “ಡಾಕ್ಟ್ರೇ, ಜೀವ ಉಳಿಸಿಕೊಳ್ಳಲು ತಗೊಂಡೆ” ಎಂದರು. ನಾಲ್ಕು ತಿಂಗಳ ನಂತರ ಅವರನ್ನು ಹೆಂಡತಿ ಕರೆತಂದದ್ದು, ಕನ್ನಡಿಯೊಳಗೆ ಪೊಲೀಸರು ಕುಳಿತಿದ್ದಾರೆಂದು ಮನೆಯ ಕನ್ನಡಿಗಳನ್ನೆಲ್ಲ ಒಡೆದ ಮೇಲೆ. ಆ ಮನೆಯಲ್ಲೂ ಯಾವ ಚಟವೂ ಇರಲಿಲ್ಲ.

ರಾತ್ರಿಪಾಳಿಯವರು, ಮೂರು ನಾಲ್ಕು ವಿಷಯ ಬಾಕಿ ಉಳಿಸಿಕೊಂಡ ವಿದ್ಯಾರ್ಥಿಗಳು, ತೆಳ್ಳಗಾಗಬೇಕೆಂಬ ಹುಡುಗಿಯರು, ಹೋಂಸ್ಟೇ ಪಾರ್ಟಿಗೆ ಹೋಗಿ ಒಲ್ಲೆ ಎನ್ನಲಾಗದವರು, ಲೈಂಗಿಕ ಸಂಕೋಚ ಕಳೆಯಬೇಕೆಂದವರು, ಯಾರಿಗೂ ಹೇಳದ ಖಿನ್ನತೆಯನ್ನು ತಾವೇ ಮದ್ದು ಮಾಡಿಕೊಂಡವರು, ಚಿಕ್ಕಂದಿನಿಂದ ಗಮನ ನಿಲ್ಲದೆ ಬೈಸಿಕೊಂಡು ಬೆಳೆದವರು, ಇವರೆಲ್ಲರೂ ಬರುತ್ತಾರೆ. ಶ್ರೀಮಂತರೂ ಬರುತ್ತಾರೆ, ಕೂಲಿಯವರೂ ಬರುತ್ತಾರೆ. ಹಾಗೆಂದು ಪ್ರತಿ ಮನೆಯಲ್ಲೂ ಮೆತ್ ಇದೆ ಎಂಬ ಗಾಬರಿಯೂ ಬೇಡ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯಲ್ಲಿ 10ರಿಂದ 75 ವರ್ಷದವರ ಪೈಕಿ ಮದ್ಯ ಸೇವಿಸುವವರು ಶೇ 14.6, ಮೆತ್ ಸೇರಿದಂತೆ ಆಂಫೆಟಮಿನ್ ಜಾತಿಯ ಉತ್ತೇಜಕ ಬಳಸುವವರು ಶೇ 0.18. ನನ್ನ ಹೊರರೋಗಿ ವಿಭಾಗದ ಬೆಂಚುಗಳಲ್ಲೂ ಇಂದಿಗೂ ಹೆಚ್ಚಿಗೆ ಕುಳಿತಿರುವುದು ಕುಡಿತದ ಕಾರಣಕ್ಕೆ ಬಂದ ಮನೆಯವರೇ. ಆದರೆ ಮಾಲು ನಮ್ಮ ಸುತ್ತ ಹರಿಯುತ್ತಿರುವುದು ನಿಜ. 2024ರ ನವೆಂಬರ್‌ನಲ್ಲಿ ಅಂಡಮಾನ್ ಸಮುದ್ರದಲ್ಲಿ ನಮ್ಮ ಕರಾವಳಿ ರಕ್ಷಣಾ ಪಡೆ ಒಂದೇ ದೋಣಿಯಿಂದ ಐದು ಟನ್‌ಗೂ ಹೆಚ್ಚು ಮೆತಾಂಫೆಟಮಿನ್ ಹಿಡಿಯಿತು.

ಇದು ಮಿದುಳಿನಲ್ಲಿ ಮಾಡುವುದೇನು? ಫೆಬ್ರುವರಿ, ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ ನೀವು ಕೆರೆಯ ನೀರಿನಿಂದ ಸ್ಪ್ರಿಂಕ್ಲರ್ ಹಾಯಿಸುತ್ತೀರಿ. ಇಡೀ ಬೇಸಿಗೆಗೆ ಬೇಕಾದ ನೀರನ್ನು ಒಂದೇ ರಾತ್ರಿ ಹರಿಸಿಬಿಟ್ಟರೆ ಮರುದಿನ ಪಂಪು ಗಾಳಿ ಎಳೆಯುತ್ತದೆ. ನಮಗೆ ಹುರುಪು, ಆಸೆ, ‘ಮಾಡೋಣ’ ಎಂಬ ಉತ್ಸಾಹ ಕೊಡುವ ಡೋಪಮೈನ್ ಎಂಬ ರಾಸಾಯನಿಕವನ್ನು ಮೆತ್ ಹಾಗೆ ಹರಿಸುತ್ತದೆ. ಬಿಟ್ಟ ಮೊದಲ ವಾರಗಳಲ್ಲಿ ಮಗ ಊಟ, ಹಾಡು, ಕ್ರಿಕೆಟ್, ಅಮ್ಮನ ಮಾತು ಯಾವುದರಲ್ಲೂ ರುಚಿಯಿಲ್ಲದೆ ಕುಳಿತರೆ ಅದು ಸೋಮಾರಿತನವೂ ಅಲ್ಲ, ನಿಮ್ಮ ಮೇಲಿನ ಸಿಟ್ಟೂ ಅಲ್ಲ. ಕೆರೆ ತುಂಬಬೇಕು. ತುಂಬುತ್ತದೆ ಕೂಡ: ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಟ್ಟವರ ಮಿದುಳಿನ ಸ್ಕ್ಯಾನ್‌ನಲ್ಲಿ ಈ ವ್ಯವಸ್ಥೆ ಬಹುಮಟ್ಟಿಗೆ ಚೇತರಿಸಿಕೊಂಡಿರುವುದು ಕಂಡಿದೆ. ‘ಒಮ್ಮೆ ಸೇದಿದವನು ಮುಗಿದ’ ಎಂಬ ಮಾತು ಆದ್ದರಿಂದ ಸುಳ್ಳು. ‘ನನಗೆ ಬೇಕೆಂದಾಗ ಬಿಡಬಲ್ಲೆ’ ಎಂದು ಅವನು ಹೇಳಿದರೆ ಅದನ್ನೂ ನಂಬಿ ಕೂರಬೇಡಿ. ಇದರ ಸೆಳೆತ ಬಲವಾದದ್ದು, ಸೇದುವ ದಾರಿಯಲ್ಲಿ ಇನ್ನೂ ಬೇಗ ಹಿಡಿಯುತ್ತದೆ.

ಇನ್ನು ನೀವೇನು ಮಾಡಬಹುದು. ನಿಮ್ಮ ತಮ್ಮನ ಸಲಹೆಯ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ, ಮುಚ್ಚಿಡುವುದಿಲ್ಲ. ರಾತ್ರಿ ಎತ್ತಿಕೊಂಡು ಹೋಗಿ ಬೀಗ ಹಾಕುವ ಜಾಗದಿಂದ ಬಂದ ಒಬ್ಬ ಹುಡುಗನ ಮಣಿಕಟ್ಟನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಹಗ್ಗದ ಗುರುತು ಬಳೆಯಂತೆ ಸುತ್ತಲೂ ಇತ್ತು. ಐದು ತಿಂಗಳು ಅಲ್ಲಿದ್ದ ಅವನು ಹೊರಬಂದ ವಾರದಲ್ಲೇ ಮತ್ತೆ ಸೇದಿದ. ಅಪ್ಪನ ಮುಖವನ್ನು ಮಾತ್ರ ಎರಡು ವರ್ಷ ನೋಡಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮಾದಕ ವಸ್ತುವಿನಿಂದ ಉಂಟಾದ ಮಾನಸಿಕ ಸ್ಥಿತಿಯೂ ಕಾಯಿಲೆಯೇ, ಆ ರೋಗಿಗೂ ಹಕ್ಕುಗಳಿವೆ. ಒಪ್ಪಿಗೆಯಿಲ್ಲದೆ ದಾಖಲಿಸಲು ಕಾಯ್ದೆಯಲ್ಲಿ ದಾರಿಯಿದೆ, ಆದರೆ ಅದು ತನ್ನ ಅಥವಾ ಇತರರ ಜೀವಕ್ಕೆ ಅಪಾಯವಿರುವಂಥ ಸ್ಥಿತಿಯಲ್ಲಿ, ತಜ್ಞರ ಪರೀಕ್ಷೆಯ ನಂತರ. ಒಳ್ಳೆಯ ಪುನರ್ವಸತಿ ಕೇಂದ್ರಗಳೂ ಇವೆ, ಮನೆಯಲ್ಲಿ ಬಿಡಲಾಗದವರಿಗೆ ಅವು ಬೇಕು. ನೋಂದಣಿ ಪತ್ರ ತೋರಿಸುತ್ತಾರೆಯೇ, ವೈದ್ಯರು ಬಂದು ಹೋಗುತ್ತಾರೆಯೇ, ಮನೆಯವರಿಗೆ ಭೇಟಿಗೆ ಬಿಡುತ್ತಾರೆಯೇ, ಈ ಮೂರನ್ನು ಕೇಳಿ. ಒಂದಕ್ಕೆ ‘ಇಲ್ಲ’ ಎಂದರೂ ವಾಪಸ್ ಬನ್ನಿ. ಅವನಾಗಿ ಒಪ್ಪಿ ಹೋಗುವ ದಾರಿ ನಿಮಗಿನ್ನೂ ತೆರೆದಿದೆ. ಅದನ್ನು ಮೊದಲು ಹಿಡಿಯಿರಿ.

ಪೊಲೀಸರಿಂದ ಹೆದರಿಸುವ ಮಾತು. ಮಾದಕ ವಸ್ತುಗಳ ಕುರಿತಾದ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಮೆತಾಂಫೆಟಮಿನ್ 2 ಗ್ರಾಂವರೆಗೆ ‘ಅಲ್ಪ ಪ್ರಮಾಣ’, ಅದಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ ₹10,000ದವರೆಗೆ ದಂಡ ಅಥವಾ ಎರಡೂ ಆಗಬಹುದು. 50 ಗ್ರಾಂ ಮೀರಿದರೆ ಹತ್ತರಿಂದ ಇಪ್ಪತ್ತು ವರ್ಷ. ಪ್ರಕರಣ ಶುರುವಾದ ಮೇಲೆ ‘ಸುಮ್ಮನೆ ಹೆದರಿಸಿ ಬಿಡಿ’ ಎಂದು ಹಿಂದಕ್ಕೆ ಕರೆಯಲು ನಿಮ್ಮಿಂದ ಆಗುವುದಿಲ್ಲ. ಅದೇ ಕಾಯ್ದೆಯ 64ಎ ಕಲಂನಲ್ಲಿ, ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಸೇರಿದರೆ ಮೊಕದ್ದಮೆಯಿಂದ ರಕ್ಷಣೆಯೂ ಇದೆ. ಇದು ಬಹಳ ಮನೆಗಳಿಗೆ ಗೊತ್ತಿಲ್ಲ. ಮಾಲನ್ನು ಅಕ್ಕಿ ಡಬ್ಬದಲ್ಲಿ ಇಟ್ಟುಕೊಂಡರೆ ಕಾನೂನಿನ ಕಣ್ಣಿನಲ್ಲಿ ಅದು ನಿಮ್ಮ ಬಳಿ ಇದ್ದಂತೆಯೇ. ಇವತ್ತೇ ಅಡುಗೆಮನೆಯಿಂದ ತೆಗೆಯಿರಿ, ಆ ಅಕ್ಕಿಯನ್ನು ಬಳಸಬೇಡಿ, ನಂಬಿಕೆಯ ವಕೀಲರೊಬ್ಬರಿಗೆ ಇವತ್ತೇ ಫೋನ್ ಮಾಡಿ ಮುಂದಿನದನ್ನು ಕೇಳಿ. ಆಸ್ಪತ್ರೆಗೆ ಅದನ್ನು ತರುವ ಅಗತ್ಯವಿಲ್ಲ.

ನಿಮಗೆ ಮೂರನೆಯವರೂ ಸಲಹೆ ಕೊಡುವವರಿದ್ದಾರೆ: ಊಟದಲ್ಲಿ ಗೊತ್ತಾಗದಂತೆ ಬೆರೆಸಿಕೊಡುವ ಪುಡಿ. ಬಸ್ ನಿಲ್ದಾಣದ ಗೋಡೆಯ ಮೇಲೆ ಅದರ ಜಾಹೀರಾತು ನೋಡಿರುತ್ತೀರಿ. ಮೆತ್ ಬಿಡಿಸುವ ಪುಡಿ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಏನಿದೆಯೋ ಗೊತ್ತಿಲ್ಲದ ಪುಡಿ ಈಗಾಗಲೇ ದಣಿದ ಹೃದಯಕ್ಕೆ ಹೋಗುವುದು ಬೇಡ. ಧರ್ಮಸ್ಥಳಕ್ಕೋ ಹೊರನಾಡಿಗೋ ಹರಕೆ ಹೊತ್ತಿದ್ದರೆ ಹೋಗಿ ಬನ್ನಿ, ಅವನಿಗೂ ಅದರಲ್ಲಿ ಮನಸ್ಸಿದ್ದರೆ ಜೊತೆಗೆ ಕರೆದುಕೊಂಡು ಹೋಗಿ. ಚಿಕಿತ್ಸೆ ಅದರ ಪಕ್ಕದಲ್ಲಿ ನಡೆಯಲಿ.

ಮಾತನಾಡುವ ಬಗೆ ಹೇಳುತ್ತೇನೆ, ನನ್ನ ಮಟ್ಟಿಗೆ ಇದೇ ಅತಿ ಮುಖ್ಯ. ಮತ್ತಿನಲ್ಲಿ ಎದ್ದಿರುವಾಗ ಬೇಡ, ಕುಸಿದು ಮಲಗಿರುವಾಗಲೂ ಬೇಡ. ಚೆನ್ನಾಗಿ ನಿದ್ದೆಯಾಗಿ, ಹೊಟ್ಟೆ ತುಂಬಿರುವ ಒಂದು ಬೆಳಗ್ಗೆ, ನಿಮ್ಮ ತಮ್ಮನೂ ನಾದಿನಿಯೂ ಇಲ್ಲದಾಗ ಅವನನ್ನು ತೋಟಕ್ಕೆ ಕರೆದುಕೊಂಡು ಹೋಗಿ. ಎದುರುಬದುರು ಕುಳಿತರೆ ವಿಚಾರಣೆಯಾಗುತ್ತದೆ, ಜೊತೆಗೆ ನಡೆಯುತ್ತಿದ್ದರೆ ಮಾತು ಬರುತ್ತದೆ. ‘ಯಾರು ಕೊಟ್ಟರು’ ಎಂದು ಶುರುಮಾಡಬೇಡಿ, ಸುಳ್ಳು ಹೇಳುವುದೊಂದೇ ದಾರಿ ಉಳಿಯುತ್ತದೆ. ‘ಎಷ್ಟು ರಾತ್ರಿ ನಿದ್ದೆ ಇಲ್ಲದೆ ಇದ್ದೆ ಮಗನೇ?’ ಎಂದು ಕೇಳಿ. ಆಮೇಲೆ, ‘ಅದರಿಂದ ನಿನಗೆ ಏನು ಸಿಗುತ್ತಿತ್ತು?’ ಈ ಪ್ರಶ್ನೆ ತಾಯಿಯ ಬಾಯಲ್ಲಿ ಬರುವುದು ಕಷ್ಟ, ಬಲ್ಲೆ. ಆದರೆ ಅವನು ಓದಲು ತೆಗೆದುಕೊಂಡನೋ, ಸ್ನೇಹಿತರ ನಡುವೆ ನಿಲ್ಲಲು ತೆಗೆದುಕೊಂಡನೋ, ಬದುಕುವುದೇ ಬೇಡ ಎನಿಸಿ ತೆಗೆದುಕೊಂಡನೋ ಎಂಬುದರ ಮೇಲೆ ನನ್ನ ಚಿಕಿತ್ಸೆಯೇ ಬದಲಾಗುತ್ತದೆ. ಉತ್ತರ ಬಂದಾಗ ತಿದ್ದಬೇಡಿ, ಅಳು ಬಂದರೆ ಅಳಿ, ಶಾಪ ಹಾಕಬೇಡಿ.

ಮದ್ಯ ಬಿಟ್ಟಾಗ ಬರುವಂಥ ಫಿಟ್ಸ್‌ನ ಅಪಾಯ ಮೆತ್ ಬಿಟ್ಟಾಗ ಸಾಮಾನ್ಯವಾಗಿ ಇರುವುದಿಲ್ಲ. ಅಪಾಯ ಇರುವುದು ಮನಸ್ಸಿನಲ್ಲಿ. ಮೊದಲ ಎರಡು ಮೂರು ವಾರ ಮಂಕು ಕವಿದಾಗ ಸಾಯುವ ಯೋಚನೆ ಬರಬಹುದು. ಹಾಗಾಗಿ ಇದನ್ನು ಓದಿ ಮುಗಿಸಿದ ಕೂಡಲೇ ಒಂದು ಕೆಲಸ ಮಾಡಿ. ತೋಟದ ಕೀಟನಾಶಕ, ಕಳೆನಾಶಕದ ಕೋಣೆಗೆ ಬೀಗ ಹಾಕಿ, ಕೀಲಿ ನಿಮ್ಮ ಸೆರಗಿನಲ್ಲಿರಲಿ. ಮನೆಯಲ್ಲಿ ಪರವಾನಗಿಯ ಕೋವಿ ಇದ್ದರೆ ಅದನ್ನೂ ತೋಟಾವನ್ನೂ ಬೇರೆ ಬೇರೆ ಕಡೆ ಬೀಗದಲ್ಲಿಡಿ. ಮಲೆನಾಡಿನ ಮನೆಗಳಲ್ಲಿ ಈ ಎರಡು ಬೀಗಗಳು ಉಳಿಸಿದ ಜೀವಗಳನ್ನು ನಾನು ಕಂಡಿದ್ದೇನೆ. ಎದೆನೋವು, ಮೈ ಕೆಂಡದಂತೆ ಸುಡುವುದು, ಫಿಟ್ಸ್, ಗೊಂದಲ, ಯಾರೋ ಕೊಲ್ಲಲು ಬರುತ್ತಿದ್ದಾರೆಂಬ ಭಯ, ಸಾಯುವ ಮಾತು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಿ. ಭ್ರಮೆಯಲ್ಲಿರುವಾಗ ವಾದಿಸಬೇಡಿ, ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಅಮಲು ಇಳಿದ ಮೇಲೆ ಬಹುತೇಕರಲ್ಲಿ ಆ ಭ್ರಮೆ ಕೆಲವು ದಿನಗಳಲ್ಲಿ ಕರಗುತ್ತದೆ.

ಚಿಕಿತ್ಸೆಯಲ್ಲಿ ಮೆತ್‌ಗೆಂದೇ ಮಾನ್ಯತೆ ಪಡೆದ ಮಾತ್ರೆ ಇಲ್ಲ. ನಿದ್ದೆಗೆ, ಖಿನ್ನತೆಗೆ, ಭ್ರಮೆಗೆ ಬೇಕಾದಷ್ಟು ದಿನ ಔಷಧಿ ಕೊಡುತ್ತೇವೆ. ಉಳಿದದ್ದು ವಾರವಾರದ ಆಪ್ತಸಮಾಲೋಚನೆ: ಸೆಳೆತ ಯಾವಾಗ ಬರುತ್ತದೆ, ಯಾರ ಫೋನಿನಿಂದ ಬರುತ್ತದೆ, ಬಂದಾಗ ಕೈಕಾಲಿಗೆ ಏನು ಕೆಲಸ ಕೊಡಬೇಕು. ಇದುವರೆಗೆ ಅತ್ಯಂತ ಹೆಚ್ಚು ಫಲ ಕೊಟ್ಟಿರುವುದು ಒಂದು ಸರಳ ಕ್ರಮ. ಮೂತ್ರ ಪರೀಕ್ಷೆಯಲ್ಲಿ ಏನೂ ಇಲ್ಲವೆಂದಾದ ಪ್ರತಿ ಸಲವೂ ಅಂದೇ ಒಂದು ಸಣ್ಣ ಬಹುಮಾನ. ‘ಲಂಚ ಕೊಟ್ಟು ಒಳ್ಳೆಯವನನ್ನಾಗಿ ಮಾಡುವುದೇ?’ ಎಂದು ಒಬ್ಬ ತಂದೆ ಸಿಟ್ಟಾಗಿದ್ದರು. ರುಚಿಯನ್ನೇ ಮರೆತ ಮಿದುಳಿಗೆ ಹೊಸ ರುಚಿ ಕಲಿಸುತ್ತಿದ್ದೇವೆ ಎಂದೆ. ಮಗ ಹನ್ನೊಂದು ವಾರ ಸತತವಾಗಿ ಗೆದ್ದು ಶೂ ಕೊಂಡುಕೊಂಡಾಗ ಅದೇ ತಂದೆ ನನಗೆ ಅದರ ಫೋಟೊ ಕಳಿಸಿದರು. ನಡುವೆ ಒಂದು ಸಲ ಜಾರಿದರೆ ಎಲ್ಲ ಮುಗಿಯಿತು ಎನ್ನಬೇಡಿ, ಅದೇ ವಾರ ಮತ್ತೆ ಕರೆದುಕೊಂಡು ಬನ್ನಿ.

ಕಾಲೇಜು ಬಿಡಿಸಬೇಡಿ, ರೂಮ್ ಬದಲಿಸಿ. ಯಜಮಾನರಿಗೆ ಹೇಳಿ, ಬಿ.ಪಿ. ಮಾತ್ರೆ ನುಂಗಿ ಕುಳಿತ ಮೇಲೆ ಹೇಳಿ. ಈ ಭಾರ ಒಬ್ಬರು ಹೊರುವಂಥದ್ದಲ್ಲ, ಅಪ್ಪನಿಗೆ ಬೇರೆಯವರಿಂದ ಗೊತ್ತಾಗುವುದು ಇನ್ನೂ ಕೆಟ್ಟದ್ದು. ಮಗಳ ಮದುವೆಯ ಚಿಂತೆ ನನಗೆ ಅರ್ಥವಾಗುತ್ತದೆ. ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವುದು 2017ರ ಕಾಯ್ದೆಯ ಪ್ರಕಾರ ನಮ್ಮ ಕರ್ತವ್ಯ, ಊರಿಗೆ ಸುದ್ದಿ ಹೋಗುವುದು ವೈದ್ಯರ ಕಡತದಿಂದ ಅಲ್ಲ.

ನಿಮಗೆ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯೂ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯೂ ಹತ್ತಿರ, ಮನೋವೈದ್ಯಕೀಯ ವಿಭಾಗವನ್ನು ಕೇಳಿ. ಮಗನ ಓದು ಹಾಸನದಲ್ಲಿರುವುದರಿಂದ ವಾರವಾರ ಬರಲು ಹಾಸನವೇ ಅನುಕೂಲ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಪ್ರತ್ಯೇಕ ಕೇಂದ್ರವೇ ಇದೆ. ಅವನು ಬರಲು ಒಪ್ಪುವವರೆಗೆ ನೀವೊಬ್ಬರೇ ಬಂದರೂ ನೋಡುತ್ತೇವೆ. ರಾತ್ರಿ ಯಾರೊಂದಿಗಾದರೂ ಮಾತನಾಡಬೇಕೆನಿಸಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಎರಡೂ ಉಚಿತ.

ಬರುವಾಗ ಒಂದು ನೋಟ್‌ಬುಕ್ ತನ್ನಿ. ಅವನು ಮನೆಗೆ ಬಂದ ದಿನದಿಂದ ಎಷ್ಟು ಹೊತ್ತಿಗೆ ಮಲಗಿದ, ಎಷ್ಟು ಹೊತ್ತಿಗೆ ಎದ್ದ, ಏನು ತಿಂದ ಎಂದು ದಿನಕ್ಕೊಂದು ಸಾಲು ಬರೆದಿಡಿ. ಮೊದಲ ಸಾಲು ಈಗಾಗಲೇ ನಿಮ್ಮ ಪತ್ರದಲ್ಲಿದೆ: ಎರಡು ದಿನ ನಿದ್ದೆ, ಎಂಟು ಕಡುಬು.